ತಿದಿ ಹೊಲಿಯುವವಳ ಮೂರು ಉತ್ತರ

"ಕೇಳ್ರಪ್ಪೋ ಕೇಳಿ! ರಾಜಧಾನಿ ಕಂಚಿನಕೋಟೆಯ ಕಸುಬುಗಳಿಗೆಲ್ಲ ಯಜಮಾನಿಕೆ ಮಾಡುವ ಪಟ್ಟಣಶೆಟ್ಟಿಯ ಪದವಿ ಖಾಲಿಯಿದೆ. ಊರಿನ ಬಗ್ಗೆ ಅರಸರು ಹಾಕುವ ಮೂರು ಒಗಟು ಬಿಡಿಸಿದವರಿಗೆ ಪದವಿ, ತಪ್ಪಿದವರಿಗೆ ತಲೆದಂಡ!"

ಡಂಗುರ ಕೇಳಿ, ತೊಗಲು ಹದ ಮಾಡುವ ಹದಗಾರರ ಕೇರಿಯ ಪುಟ್ಟೀರಿ ಸೂಜಿ ಕೆಳಗಿಟ್ಟಳು. ಬೀದಿ ಬೀದಿ ಸುತ್ತಿ, ಕುಲುಮೆಗಳಲ್ಲಿ ಗಾಳಿ ಊದುವ ತೊಗಲಿನ ತಿದಿಗಳಿಗೆ ಹೊಲಿಗೆ ಹಾಕುವುದು ಅವಳ ಕಸುಬು. ತೊಗಲಿನ ನಾತ ಅರಮನೆಗೆ ಬಡಿಯುತ್ತದಂತೆ; ಬರುವ ಸೋಮವಾರ ಅವಳ ಕೇರಿಯನ್ನೇ ನೀರಿಲ್ಲದ ಬೋರೆಗುಡ್ಡಕ್ಕೆ ಅಟ್ಟಬೇಕೆಂದು ಅಪ್ಪಣೆಯಾಗಿತ್ತು. ಅದನ್ನು ರದ್ದು ಮಾಡುವ ಅಧಿಕಾರ ಪಟ್ಟಣಶೆಟ್ಟಿಗಿತ್ತು.

"ಹುಚ್ಚು ಹಿಡಿದಿದೆಯೇನೇ ನಿಂಗೆ?" ಅವ್ವ ಬೈದಳು.

"ಕೂತು ಅತ್ತರೆ ಕೇರಿ ಉಳಿಯುತ್ತೇನವ್ವ?" ಎಂದು ಹೊರಟೇಬಿಟ್ಟಳು. ಹೆದರಿಕೆಯಿತ್ತು, ನಿಜ. ಆದರೆ ಊರಿನ ಬಗ್ಗೆ ಅರಸು ಅಂಥದ್ದೇನು ಕೇಳುತ್ತಾನೋ ಎಂಬ ಕುತೂಹಲ ಅದಕ್ಕಿಂತ ದೊಡ್ಡದಿತ್ತು.

ಸಭೆಯಲ್ಲಿ ಜವಳಿ ಸಾಹುಕಾರನ ಮಗ ಎದ್ದು ನಿಂತಿದ್ದ. ಅರಸು ವೀರಮಲ್ಲ ಕೇಳಿದ: "ಗುಡಿಸಿದ ಕಸಕ್ಕೂ ಗಿರಾಕಿಯಿರುವ ಬೀದಿ ಯಾವುದು?"

"ಹೂವಿನ ಪೇಟೆ, ಪ್ರಭು!"

ತಪ್ಪು. ಬೇಡಿ ಬಿತ್ತು. ಆಮೇಲೆ ಬಂದ ದಂಡನಾಯಕನ ಅಳಿಯ ಆ ಒಗಟನ್ನು ಹೇಗೋ ಬಿಡಿಸಿ, ಉತ್ತರವನ್ನು ಅರಸನ ಕಿವಿಯಲ್ಲಷ್ಟೇ ಉಸುರಿದ. ಅರಸು ಎರಡನೆಯದನ್ನು ಕೇಳಿದ: "ಕುಂಬಾರನಿಗೆ ಬೇಡವಾದದ್ದು, ಬಣ್ಣಗಾರನಿಗೆ ಬೇಕಾದದ್ದು ಯಾವುದು?"

ಅಳಿಯ ಮೀಸೆ ತಿರುವಿ, "ಒಡೆದ ಮಡಕೆ!" ಅಂದ. ಅಯ್ಯೋ ಪುಣ್ಯಾತ್ಮ! ಅವನಿಗೂ ಬೇಡಿ.

ಪುಟ್ಟೀರಿ ಮುಂದೆ ಬಂದು ಕೈಮುಗಿದಳು. "ಮೊದಲನೆಯದು ಅಕ್ಕಸಾಲಿಗರ ಬೀದಿ, ಬುದ್ಧಿ. ಅಲ್ಲಿನ ಕಸ ಕೊಂಡು ತೊಳೆದರೆ ಚಿನ್ನದ ಪುಡಿ ಸಿಗುತ್ತೆ. ಎರಡನೆಯದು ಕುಂಬಾರರ ಒಲೆಯ ಬೂದಿ. ಬಣ್ಣಗಾರರು ಅದನ್ನು ನೀರಲ್ಲಿ ಕದಡಿ, ತಿಳಿ ಬಸಿದು ಹಾಕಿದರೇನೆ ಬಟ್ಟೆಗೆ ಬಣ್ಣ ಹಿಡಿಯೋದು."

ಅರಸು ನೆಟ್ಟಗೆ ಕೂತ. "ಭೇಷ್! ಯಾವ ಜಾಗ ಸದ್ದಡಗಿದರೆ ರಾಜಧಾನಿಯೇ ಸದ್ದಡಗುತ್ತದೆ?"

"ನಮ್ಮ ಹದಗಾರರ ಕೇರಿ."

ಸಭೆ ಗೊಳ್ಳೆಂದು ನಕ್ಕಿತು. "ತಪ್ಪು! ಟಂಕಸಾಲೆ. ನಾಣ್ಯವಿಲ್ಲದೆ ಪೇಟೆಯೆಲ್ಲಿಯದು? ಹಾಕಿ ಬೇಡಿ!" ಅಂದ ಅರಸು.

ಪುಟ್ಟೀರಿ ಬೇಡಿಗೆ ಕೈ ಚಾಚುತ್ತಲೇ ಅಂದಳು: "ಬುದ್ಧಿ, ತಿದಿಯಿಲ್ಲದೆ ಒಂದೇ ಒಂದು ನಾಣ್ಯ ಮಾಡಿಸಿ ನೋಡಿ. ಆಮೇಲೆ ತಲೆ ತೆಗೀರಿ."

ಅರಸು ಕರೆಸಿದೊಡನೆ ಟಂಕಸಾಲೆಯ ಮುಖ್ಯಸ್ಥ ಓಡಿಬಂದ. "ತಿದಿಯಿಲ್ಲದೆ ಬೆಂಕಿ ಏರದು ಪ್ರಭು, ಲೋಹ ಕರಗದು," ಎಂದು ತಲೆ ತಗ್ಗಿಸಿದ.

"ಕಮ್ಮಾರ, ಅಕ್ಕಸಾಲಿ ಎಲ್ಲರಿಗೂ ತಿದಿ ಬೇಕು," ಅಂದಳು ಪುಟ್ಟೀರಿ. "ಬಣ್ಣಗಾರರ ಬಾವಿಯಿಂದ ನೀರೆತ್ತೋದೂ ತೊಗಲಿನ ಚೀಲವೇ. ಸೋಮವಾರ ನಮ್ಮನ್ನು ಅಟ್ಟಿ, ನೀರಿಲ್ಲದ ಗುಡ್ಡದಲ್ಲಿ ತೊಗಲು ಹದವಾಗಲ್ಲ. ಈಗಿರೋ ತಿದಿ ಹರಿಯೋತನಕ ಊರು ನಡೆಯುತ್ತೆ, ಆಮೇಲೆ ಸದ್ದಡಗುತ್ತೆ."

ಅರಸು ಸಿಂಹಾಸನದಿಂದ ಎದ್ದ. "ಒಗಟು ಹಾಕಿದ ನನಗೇ ಉತ್ತರ ಗೊತ್ತಿರಲಿಲ್ಲವಲ್ಲ ತಾಯಿ," ಎಂದು ಕೆಳಗಿಳಿದು ಮುದ್ರೆಯುಂಗುರ ತೊಡಿಸಿದ.

ಹೊಸ ಪಟ್ಟಣಶೆಟ್ಟಿ ಮೊದಲು ಆ ಇಬ್ಬರ ಬೇಡಿ ಬಿಚ್ಚಿಸಿದಳು. ಅವರ ತಲೆ ಅವರಿಗೇ ಉಳಿಯಿತು, ಒಳಗೆ ಇದ್ದಷ್ಟು ಸಮೇತ. ಆ ಸಂಜೆ ಹದಗಾರರ ಕೇರಿಯಲ್ಲಿ ಗಾಡಿಗೇರಿಸಿದ್ದ ಗಂಟುಮೂಟೆಗಳನ್ನೆಲ್ಲ ಇಳಿಸಿದರು.