ಗೋಡೆಯಾಚೆಯ ನಿಶ್ಶಬ್ದ

“ಮನಸ್ಸು ನಿಲ್ಲಬೇಕಾದರೆ ಮನುಷ್ಯ ಎಲ್ಲಿ ಕೂರಬೇಕು, ಬುದ್ಧಿ?”

ಕೇಳಿದವನು ಮರುಳಸಿದ್ಧ. ಮಠಕ್ಕೆ ಬಂದು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಪ್ರಶ್ನೆ ದೊಡ್ಡದಾಗಿ ಕೇಳಿಸಿದರೂ ಅವನಿಗೆ ಬೇಕಾಗಿದ್ದದ್ದು ಬೇರೆ ಕೋಣೆ. ಗುರುಗಳಿಗೆ ಅದು ಗೊತ್ತಿತ್ತು. ಅವರು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

“ಸುತ್ತಿ ಬಳಸಿ ಕೇಳಬೇಡ. ಏನಾಯಿತು, ಅದನ್ನು ಹೇಳು.”

“ಪಕ್ಕದ ಕೋಣೆಯ ಗುರುಪಾದಯ್ಯನವರು ಕೆಮ್ಮುತ್ತಾರೆ, ಬುದ್ಧಿ. ನಾನು ಧ್ಯಾನಕ್ಕೆ ಕೂತಾಗಲೂ ಕೆಮ್ಮುತ್ತಾರೆ. ಅದೊಂದು ಇಲ್ಲದಿದ್ದರೆ ಆ ಕೋಣೆಯಲ್ಲಿ ಜನ ಇದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಬಕೆಟ್ಟಿನ ಸದ್ದಿಲ್ಲ, ಬಾಗಿಲಿನ ಸದ್ದಿಲ್ಲ, ನಡೆದಾಡುವ ಸದ್ದೂ ಇಲ್ಲ. ಕೆಮ್ಮು ಮಾತ್ರ. ನನಗೆ ಸಾಕಾಗಿ ಹೋಗಿದೆ. ತೋಟದ ಕಡೆಯ ಕೋಣೆ ಕೊಡಿಸಿ. ಆಗದಿದ್ದರೆ ಹೇಳಿಬಿಡಿ, ನಾನು ಬೇರೆ ಮಠ ನೋಡಿಕೊಳ್ಳುತ್ತೇನೆ.”

ಹೇಳಿದ ಮೇಲೆ ಅವನಿಗೆ ಸ್ವಲ್ಪ ಭಯವಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟು ರೋಸಿಹೋಗಿದ್ದ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಅಂದರು ಗುರುಗಳು. “ಕೂತುಕೋ. ಕೈ ಖಾಲಿ ಇದೆಯಲ್ಲ, ನೀನೂ ಸುಲಿ. ಹೋದ ವರ್ಷ ಭಕ್ತರು ಕರೆದರೆಂದು ನಾನು ಹಾಲೆಂಡಿಗೆ ಹೋಗಿ ಬಂದೆನಲ್ಲ, ಅಲ್ಲಿಯ ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ.”

ಮರುಳಸಿದ್ಧ ಕೂತ. ಗುರುಗಳು ಹೇಳತೊಡಗಿದರು.

ಅಲ್ಲಿ ನಮ್ಮ ಕಡೆಯವನೇ ಒಬ್ಬ ಗೃಹಸ್ಥ ಇದ್ದ. ಗಂಡ, ಹೆಂಡತಿ, ಇಬ್ಬರೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳದು ಯಾವಾಗಲೂ ರಾತ್ರಿ ಪಾಳಿ. ಊರೆಲ್ಲ ಏಳುವ ಹೊತ್ತಿಗೆ ಅವಳು ಮನೆಗೆ ಬಂದು ಮಲಗಬೇಕು. ಅವರಿದ್ದ ಬಾಡಿಗೆ ಮನೆಯ ಕೆಳಗೇ ಟ್ರಾಮ್ ಓಡುತ್ತಿತ್ತು. ಅದರ ಗಂಟೆ ಕೇಳಿ ಕೇಳಿ ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಆಗ ಗೃಹಸ್ಥ ಅಂದ, “ಹಸಿರಿರುವ, ಸದ್ದಿಲ್ಲದ ಬಡಾವಣೆಯಲ್ಲಿ ಒಂದು ಮನೆ ಕೊಂಡುಬಿಡೋಣ. ನೀನು ಕಣ್ತುಂಬ ನಿದ್ದೆ ಮಾಡು.” ಒಳ್ಳೆಯ ಮಾತೇ. ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ.

ಅಲ್ಲಿಯ ಮನೆಗಳೆಲ್ಲ ಸಾಲುಮನೆ. ನಮ್ಮ ವಠಾರ ಇದ್ದ ಹಾಗೆ, ಇವನ ಗೋಡೆಯೇ ಪಕ್ಕದವನ ಗೋಡೆ. ಮೇಲೊಂದು ಅಂತಸ್ತು, ಮುಂದೆ ಒಂದು ಮೊಳ ಬೇಲಿಗಿಡ, ಹಿಂದೆ ಒಂದಿಷ್ಟು ಕೈತೋಟ. ಇವನು ಮನೆ ನೋಡುವ ಚಂದ ಕೇಳು. ಒಳಗೆ ಹೋಗುವುದು, ಕಿಟಕಿ ಎಲ್ಲ ಮುಚ್ಚಿಸುವುದು, ಕೈ ಎತ್ತಿ ಎಲ್ಲರ ಬಾಯನ್ನೂ ಮುಚ್ಚಿಸುವುದು, ಆಮೇಲೆ ಗೋಡೆಗೆ ಕಿವಿ ಕೊಟ್ಟು ನಿಲ್ಲುವುದು. ಮನೆ ತೋರಿಸುವ ದಲ್ಲಾಳಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಲ್ಲಬೇಕು. ಒಂದು ಮನೆಯ ಹಿಂದೆ ಶಾಲೆ ಇತ್ತು, ಬೇಡ ಅಂದ. ಇನ್ನೊಂದರ ಪಕ್ಕ ನಾಯಿ ಇತ್ತು, ಬೇಡ ಅಂದ. ಮತ್ತೊಂದು ಮನೆಯಲ್ಲಿ ಇವನು ಕಿವಿ ಕೊಟ್ಟ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಯಾರೋ ಸೀನಿದರು. ಅದೂ ಬೇಡ.

“ರೀ, ಜನ ಸೀನಲೂಬಾರದೇ?” ಅಂದಳು ಹೆಂಡತಿ. ಅವಳಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು. ರಾತ್ರಿಯೆಲ್ಲ ದುಡಿದು, ಹಗಲೆಲ್ಲ ಈ ಗಂಡನ ಹಿಂದೆ ಮನೆ ಸುತ್ತಿದರೆ ಯಾರ ತಾಳ್ಮೆ ಉಳಿದೀತು.

ಕೊನೆಗೆ ಒಬ್ಬ ಮುದುಕಿಯ ಮನೆ ಸಿಕ್ಕಿತು. ರಸ್ತೆಯ ಎರಡೂ ಕಡೆ ದೊಡ್ಡ ಮರ, ಮನೆ ಮನೆಯ ಮುಂದೆ ಕತ್ತರಿಸಿದ ಬೇಲಿ. ಇವನು ಕಿವಿ ಕೊಟ್ಟ. ಎಡಗೋಡೆಯಲ್ಲಿ ಸದ್ದಿಲ್ಲ, ಬಲಗೋಡೆಯಲ್ಲೂ ಇಲ್ಲ. ಜನ ಇದ್ದಾರೋ ಇಲ್ಲವೋ ಅಂತ ಅವನಿಗೇ ಅನುಮಾನ ಬಂತು. “ಹಗಲೆಲ್ಲ ಹೀಗೇ ಇರುತ್ತದೆಯೇ?” ಎಂದು ಕೇಳಿದ. “ನಾವು ಬಂದಾಗಿನಿಂದ ಹೀಗೇ,” ಅಂದಳು ಮುದುಕಿ. “ನೀವು ಬಂದ ಮೇಲೆ ಎರಡೂ ಕಡೆಯವರ ಮನೆಗೆ ಒಮ್ಮೆ ಹೋಗಿ ಬನ್ನಿ. ಕಾಫಿ ಕೊಡುತ್ತಾರೆ, ಒಳ್ಳೆಯ ಜನ.”

ಅವನು ಹೂಂ ಅಂದ. ಕೇಳಿಸಿಕೊಳ್ಳಲಿಲ್ಲ. ಯಾಕೆ ಹೀಗೆ ಸದ್ದಿಲ್ಲ ಎಂದೂ ಕೇಳಲಿಲ್ಲ. ಕಿಟಕಿ ಬಾಗಿಲು ಬಂದ ಹಾಗೆ ನಿಶ್ಶಬ್ದವೂ ಮನೆಯ ಜೊತೆಗೆ ಬರುತ್ತದೆ ಅಂದುಕೊಂಡ. ಮನೆ ಕೊಂಡ.

ಗೃಹಪ್ರವೇಶ ಆಗಬೇಕಲ್ಲ. ಭಾನುವಾರ ಬ್ರಾಹ್ಮೀ ಮುಹೂರ್ತಕ್ಕೆ ಇಟ್ಟುಕೊಂಡ. ನೆಂಟರಿಷ್ಟರು ಬಂದರು, ಶಂಖ ಊದಿದರು, ಜಾಗಟೆ ಬಾರಿಸಿದರು. ಹೋಮದ ಹೊಗೆ ಸೂರಿಗೆ ಮುಟ್ಟಿತು. ಅಲ್ಲಿಯ ಮನೆಗಳಲ್ಲಿ ಹೊಗೆ ಕಂಡರೆ ಅರಚಿಕೊಳ್ಳುವ ಒಂದು ಡಬ್ಬಿ ಸೂರಿನಲ್ಲೇ ಇರುತ್ತದೆ. ಅದು ಅರಚಿಕೊಂಡಿತು. ಹೇಗೆ ನಿಲ್ಲಿಸಬೇಕೆಂದು ಒಬ್ಬರಿಗೂ ಗೊತ್ತಿಲ್ಲ. ಪುರೋಹಿತರು ಅದಕ್ಕಿಂತ ಜೋರಾಗಿ ಮಂತ್ರ ಹೇಳಿದರು. ಸಾಲಿನುದ್ದಕ್ಕೂ ದೀಪ ಹತ್ತಿಕೊಂಡವು, ಆದರೆ ಯಾರೂ ಬಂದು ಏನೂ ಕೇಳಲಿಲ್ಲ.

ನೋಡಪ್ಪ, ನಮ್ಮ ಕಡೆ ಬೀದಿಗೆ ಹೊಸಬರು ಬಂದರೆ ಬೀದಿಯವರೇ ಅವರ ಮನೆಗೆ ಹೋಗುತ್ತಾರೆ. ನೀರು ಯಾವಾಗ ಬರುತ್ತದೆ, ಹಾಲಿನವನು ಯಾರು, ಎಲ್ಲ ಹೇಳುತ್ತಾರೆ. ಒಂದು ಚೊಂಬು ಮಜ್ಜಿಗೆ ಕೊಟ್ಟು ಬರುತ್ತಾರೆ. ಅಲ್ಲಿ ಉಲ್ಟಾ. ಅಲ್ಲಿ ಹೊಸದಾಗಿ ಬಂದವನೇ ಹೋಗಿ ಅಕ್ಕಪಕ್ಕದವರ ಬೆಲ್ ಒತ್ತಬೇಕು, ನಾನು ಇಂಥವನು ಅನ್ನಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಅವರು ಕಾದರು. ಮನೆ ಹುಡುಕಿಕೊಂಡು ಅವರೇ ಬರಲಿ ಎಂದು ಇವನು ಕಾದ. ನಡುವೆ ಇದ್ದದ್ದು ಒಂದು ಮೊಳ ಬೇಲಿ.

“ರೀ, ಕೊಬ್ಬರಿ ಮಿಠಾಯಿ ಮಾಡಿಕೊಡುತ್ತೇನೆ, ಇಬ್ಬರೂ ಹೋಗಿ ಬರೋಣ,” ಅಂದಳು ಹೆಂಡತಿ.

“ಹೊಸಬರು ನಾವು. ಬರಬೇಕಾದವರು ಅವರು. ಮರ್ಯಾದೆ ಅನ್ನುವುದೂ ಒಂದಿದೆ,” ಅಂದ ಗಂಡ. ಎಷ್ಟು ಸಲ ಹೇಳಿದರೂ ಅದೇ ಉತ್ತರ. ಅವಳಿಗೆ ಹೇಳಿ ಹೇಳಿ ಬಾಯಿ ನೋವು ಬಂತು, ಬಿಟ್ಟಳು.

ಅಷ್ಟರಲ್ಲಿ ಇವನು ಮನೆ ಸಿಂಗರಿಸಲು ಹೊರಟ. ಮುದುಕಿಯ ಕಾಲದ ಹಳೆಯ ಕಂಬಳಿ ಮೆಟ್ಟಿಲ ಮೇಲೆ ಹಾಸಿತ್ತು, ಕೊಳಕು ಅಂತ ಕಿತ್ತೆಸೆದ. ಬರಿ ಮರದ ಮೆಟ್ಟಿಲ ಮೇಲೆ ಧಡಧಡ ಇಳಿಯುತ್ತಿದ್ದ. ಚಟ್ನಿಗೆಂದು ಊರಿನಿಂದ ತಂದ ಒರಳನ್ನು ಪಕ್ಕದವರ ಗೋಡೆಗೇ ಒತ್ತಿ ಇಟ್ಟ. ಊರಿಗೆ ಫೋನ್ ಮಾಡಿದರೆ, ಫೋನ್ ಯಾಕೆ ಬೇಕಿತ್ತು, ಬರಿ ಬಾಯಲ್ಲೇ ಊರಿಗೆ ಕೇಳಿಸುತ್ತಿತ್ತು. ಹೆಂಡತಿ ಮಲಗುವ ಹೊತ್ತಿಗೆ ಮಾತ್ರ ಬಾಯಿ ಮುಚ್ಚಿಕೊಂಡು ಕಚೇರಿಗೆ ಹೋಗುತ್ತಿದ್ದ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ.

ಸ್ವಲ್ಪ ಕಾಲ ಕಳೆಯಿತು. ಒಂದು ಬೆಳಗ್ಗೆ ಹೆಂಡತಿ ಬಂದು ತಲೆ ದಿಂಬಿಗೆ ಇಟ್ಟಿದ್ದಾಳೆ, ಎಡಗೋಡೆಯಾಚೆ ಪಿಯಾನೋ ಶುರುವಾಯಿತು. ಮಾರನೆಯ ದಿನ ಬಲಗಡೆಯವನು ಹಿತ್ತಲಿನಲ್ಲಿ ಮರ ಕೊಯ್ಯತೊಡಗಿದ. ಅಲ್ಲಿಂದ ಮುಂದೆ ಪ್ರತಿದಿನವೂ ಇದೇ ಆಯಿತು. ಗೃಹಸ್ಥ ಕೆಂಡವಾದ. ರಜೆ ಹಾಕಿ ಮನೆಯಲ್ಲಿ ಕೂತು, ಲಟ್ಟಣಿಗೆ ತೆಗೆದುಕೊಂಡು ಗೋಡೆ ಕುಟ್ಟಿದ. ಆ ಕಡೆಯ ಹೆಂಗಸು, ಪಾಪ, ತಾಳ ಹಾಕುತ್ತಿದ್ದಾರೆ ಅಂದುಕೊಂಡು ಇನ್ನೊಂದು ಹಾಡು ನುಡಿಸಿದಳು.

ಹೆಂಡತಿಯ ನಿದ್ದೆ ಹೋಯಿತು. ಬಸ್ಸಿನಲ್ಲಿ ತೂಕಡಿಸಿ ಕೊನೆಯ ನಿಲ್ದಾಣದವರೆಗೂ ಹೋಗಿ, ಚಾಲಕ ಎಬ್ಬಿಸಿದ ಮೇಲೆ ಹಿಂದಕ್ಕೆ ಬರುವಳು. ಒಮ್ಮೆ ಆಸ್ಪತ್ರೆಯಲ್ಲಿ ಔಷಧಿ ಕೈಯಲ್ಲಿ ಹಿಡಿದು, ಇದು ಯಾವ ರೋಗಿಗೆ ಎಂದು ಮರೆತು, ಹೆಸರಿನ ಚೀಟಿ ಓದದೆ ಒಬ್ಬನ ಮಂಚದ ಹತ್ತಿರ ಹೋಗಿದ್ದಳು. ಜೊತೆಯವಳು ನೋಡಿ ಕೈ ಹಿಡಿದು ತಡೆದಳು. ಆ ದಿನ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತಳು. “ಇವತ್ತು ಒಂದು ಜೀವ ಹೋಗುತ್ತಿತ್ತು ರೀ, ನನ್ನ ಕೈಯಿಂದ,” ಅಂದಳು.

ಆಗ ಗೃಹಸ್ಥ ಏನು ಮಾಡಿದ? ಪಕ್ಕದ ಮನೆಗೆ ಹೋದನೇ? ಇಲ್ಲ. ಬಸ್ಸು ಹತ್ತಿ, ಊರಾಚೆ ವೃದ್ಧರ ವಸತಿಯಲ್ಲಿದ್ದ ಮುದುಕಿಯ ಹತ್ತಿರ ಜಗಳಕ್ಕೆ ಹೋದ.

“ಸದ್ದಿಲ್ಲದ ಮನೆ ಅಂತ ಹೇಳಿ ಮಾರಿದಿರಿ. ಮೋಸ ಮಾಡಿದಿರಿ,” ಅಂದ.

ಮುದುಕಿ ಅವನನ್ನು ಕೂರಿಸಿ ಹೇಳಿದಳು. “ನನ್ನ ಗಂಡ ರಾತ್ರಿಯಿಡೀ ಬ್ರೆಡ್ ಸುಡುವ ಕೆಲಸ ಮಾಡುತ್ತಿದ್ದ, ಹಗಲು ಮಲಗುತ್ತಿದ್ದ. ಆ ಮನೆಗೆ ಬಂದ ದಿನವೇ ಎರಡೂ ಕಡೆ ಹೋಗಿ ಅದನ್ನು ಹೇಳಿ ಬಂದೆವು. ಅವರು ಹಗಲು ಸದ್ದು ಮಾಡುವುದನ್ನು ಬಿಟ್ಟರು. ಅವನು ತೀರಿಕೊಂಡ ಮೇಲೂ ಅವರಿಗೆ ಅದೇ ರೂಢಿಯಾಗಿತ್ತು. ಮನೆ ನನ್ನದು, ಮಾರಿದೆ. ಆ ನಿಶ್ಶಬ್ದ ಅವರದ್ದು, ಅದನ್ನು ನಾನು ಹೇಗೆ ಮಾರಲಿ? ನೀವು ಅವರನ್ನು ಕೇಳಿದಿರಾ?”

ಅವನು ಮನೆಗೆ ಬಂದು ಚಪ್ಪಲಿ ಬಿಡುತ್ತ ಹೆಂಡತಿಗೆ ಹೇಳಿದ, “ಮುದುಕಿಗೆ ಅರಳುಮರಳು. ಮನೆಯ ವಿಷಯ ಕೇಳಿದರೆ ಗಂಡನ ಬ್ರೆಡ್ಡಿನ ವಿಷಯ ಹೇಳುತ್ತಾಳೆ.” ಮುದುಕಿ ಏನು ಹೇಳಿದಳೆಂದು ಹೆಂಡತಿ ಒಂದೊಂದೇ ಮಾತು ಕೇಳಿ ತಿಳಿದುಕೊಂಡಳು. “ಏಳು ಸಮುದ್ರ ದಾಟಿ ಬಂದವರಿಗೆ ಒಂದು ಮೊಳ ಬೇಲಿ ದಾಟುವುದಕ್ಕೆ ಆಗಲಿಲ್ಲವಲ್ಲ,” ಅಂದಳು. ಅವನಿಗೆ ಅದೂ ಅರ್ಥವಾಗಲಿಲ್ಲ. ಟೀವಿ ಹಾಕಿಕೊಂಡು ಕೂತ.

ಮರುದಿನ ಅವನು ಕಚೇರಿಗೆ ಹೋದ ಮೇಲೆ ಅವಳು ಕೊಬ್ಬರಿ ಮಿಠಾಯಿ ಕಟ್ಟಿಕೊಂಡು ಎಡಗಡೆಯ ಮನೆಯ ಬೆಲ್ ಒತ್ತಿದಳು. ಪಿಯಾನೋದ ಹೆಂಗಸು ಕಾಫಿ ಕೊಟ್ಟಳು. ಇವಳ ರಾತ್ರಿ ಪಾಳಿಯ ಮಾತು ಕೇಳಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ನಿಮ್ಮ ಮನೆಯ ಗದ್ದಲ ಕೇಳಿ, ಇವರಿಗೆ ಸದ್ದು ಅಂದರೆ ಇಷ್ಟ ಇರಬೇಕು ಅಂದುಕೊಂಡೆವು. ಇಷ್ಟು ವರ್ಷದ ಮೇಲೆ ಬೆಳಗ್ಗೆ ನುಡಿಸಬಹುದು ಅಂತ ಸಂತೋಷಪಟ್ಟಿದ್ದೆ. ಹೋಗಲಿ ಬಿಡಿ, ಮೊದಲಿನ ಹಾಗೆ ಸಂಜೆಗೇ ನುಡಿಸುತ್ತೇನೆ,” ಅಂದಳು. ಬಲಗಡೆಯ ಮರದ ಕೆಲಸದವನು ಹೆಚ್ಚು ಮಾತಾಡಲಿಲ್ಲ. ಮಿಠಾಯಿ ತಿಂದು, ಆಗಲಿ ಅಂದ.

ಅವಳು ಮನೆಗೆ ಬಂದು ಒರಳನ್ನು ಗೋಡೆಯಿಂದ ಈಚೆಗೆ ಎಳೆದಳು. ಕುರ್ಚಿಯ ಕಾಲುಗಳಿಗೆ ಬಟ್ಟೆ ಕಟ್ಟಿದಳು. ಆ ವಾರದಲ್ಲಿ ಮೆಟ್ಟಿಲಿಗೆ ಹೊಸ ಕಂಬಳಿ ಹಾಸಿಸಿದಳು. ಗಂಡ ನೋಡಿ, ಹೆಂಗಸರಿಗೆ ಅಲಂಕಾರದ ಹುಚ್ಚು ಅಂದ. ಅವಳು ಎಷ್ಟೋ ದಿನದ ಮೇಲೆ ಸಂಜೆಯವರೆಗೆ ಮಲಗಿ ಎದ್ದಿದ್ದಳು.

ಇದನ್ನೆಲ್ಲ ಆ ಹೆಣ್ಣುಮಗಳೇ ನನಗೆ ಹೇಳಿದ್ದು. ನಾನು ಅವರ ಮನೆಯಲ್ಲೇ ಉಳಿದಿದ್ದೆ. ಗಂಡ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೈತೋಟ ತೋರಿಸಿ, ಕಿವಿಯ ಹತ್ತಿರ ಬೆರಳು ಇಟ್ಟುಕೊಂಡು ಏನು ಹೇಳಿದ ಗೊತ್ತೇ? “ಕೇಳಿ ಬುದ್ಧಿ, ಒಂದು ಸದ್ದಾದರೂ ಇದೆಯೇ? ನಡುವೆ ಸ್ವಲ್ಪ ದಿನ ಏನೋ ಗಲಾಟೆ ಇತ್ತು, ಗೋಡೆ ಕುಟ್ಟಿ ಬಾಯಿ ಮುಚ್ಚಿಸಿದೆ. ಮನೆ ಕೊಂಡರೆ ಇಂಥ ಜಾಗ ನೋಡಿ ಕೊಳ್ಳಬೇಕು.”

ಗುರುಗಳು ಇಲ್ಲಿಗೆ ನಿಲ್ಲಿಸಿ ಮೊರವನ್ನು ಒಮ್ಮೆ ಕೇರಿದರು. ಮರುಳಸಿದ್ಧನಿಗೆ ನಗು ತಡೆಯಲಾಗಲಿಲ್ಲ. ತನ್ನ ಸಿಟ್ಟು ಅವನಿಗೆ ಮರೆತೇಹೋಗಿತ್ತು.

“ಅವನಿಗೆ ಇನ್ನೂ ಗೊತ್ತಿಲ್ಲವೇ, ಬುದ್ಧಿ?”

“ಇಲ್ಲ.”

“ಎಂಥ ದಡ್ಡ. ಗೋಡೆಗೆ ಅಷ್ಟು ಕಿವಿ ಕೊಟ್ಟವನು, ಆಚೆ ಇರುವವರು ತನಗಾಗಿ ಸುಮ್ಮನಿದ್ದಾರೆ ಅನ್ನುವುದನ್ನು ತಿಳಿಯಲಿಲ್ಲವಲ್ಲ.”

ಗುರುಗಳು ಸಿಪ್ಪೆಯನ್ನೆಲ್ಲ ಒಟ್ಟುಮಾಡಿ, ಮಂಡಿಗೆ ಕೈ ಕೊಟ್ಟು ಎದ್ದರು. ತೋಟದ ಕಡೆಯ ಕೋಣೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮರುಳಸಿದ್ಧನ ಮುಂದೆ ಇಟ್ಟರು.

“ನೀನು ಈ ಮಠಕ್ಕೆ ಬಂದ ದಿನ ಗುರುಪಾದಯ್ಯ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: ಪಕ್ಕದ ಕೋಣೆಯ ಹುಡುಗ ಯಾವ ಹೊತ್ತಿಗೆ ಧ್ಯಾನಕ್ಕೆ ಕೂರುತ್ತಾನೆ?”