ಅಜ್ಜಾರು ಬೇರು ಅರೆಯೋದು ಬಿಟ್ಟ ದಿನ

ಹಿರೇಬನ್ನಿ ಮಠ ಅಂದ್ರ ಆಗ ಎರಡು ಅಂಕಣದ ಮಣ್ಣಿನ ಮನಿ ಅಷ್ಟ ನೋಡ್ರಿ, ಮುಂದೊಂದು ಬೇವಿನ ಗಿಡ, ಅದರ ಬುಡಕ್ಕ ಕಂಬಳಿ ಹಾಸ್ಕೊಂಡು ಪೂಜ್ಯ ಗುರುಸಿದ್ಧ ಅಜ್ಜಾರು ಕುಂತಿರ್ತಿದ್ರು, ಹಾವು ಕಡಿದವರನ್ನ ಹೊರಸಿನ ಮ್ಯಾಲ ಹೊತ್ಕೊಂಡು ಹತ್ತೂರಿನ ಮಂದಿ ಅಲ್ಲಿಗೇ ಓಡಿ ಬರ್ತಿದ್ರು, ಅಜ್ಜಾರು ತಾವ ಬೇರು ಅರದು ಹಚ್ಚತಿದ್ರು.

ಅಲ್ಲಿಗೆ ಒಂದಿನ ಧಾರವಾಡದಿಂದ ಶಾಂಭವಿ ಬಂದ್ಲು. ಆಕಿ ಒಂಬತ್ತು ವರ್ಷದಾಕಿ ಇದ್ದಾಗ ಆಕಿ ಅಪ್ಪ ಇದ ಗಿಡದ ಕೆಳಗ, ಕಾಲಿಗೆ ಇದ ಬೇರು ಹಚ್ಚಿಸ್ಕೊಂಡು ಜೀವ ಬಿಟ್ಟಿದ್ದ. ಈಗ ಆಕಿ ಚೀನಾದ ನಾಟಿ ವೈದ್ಯರು ಹಾವು ಕಡದ್ರ ಕೊಡೋ ಮೂಲಿಕಿ ತರಿಸಿ, ಲ್ಯಾಬಿನ್ಯಾಗ ಗಾಜಿನ ನಳಿಕಿಗೆ ವಿಷದ ಜೋಡಿ ಹಾಕಿ ಪರೀಕ್ಷಾ ಮಾಡ್ತಿದ್ಲು.

"ನಿಮ್ಮ ಬೇರೂ ಕೊಡ್ರಿ, ಚೀನಾ ಮೂಲಿಕಿ ಜೋಡಿ ಇಟ್ಟು ನೋಡ್ತೀನಿ" ಅಂದ್ಲು. ಮನಸಿನ್ಯಾಗ ಮಾತ್ರ ಮಠದ ಸುಳ್ಳು ಬಯಲಿಗೆ ಎಳೀಬೇಕು ಅನ್ನೋದೊಂದ.

ಹಿರಿ ಭಕ್ತ ಚನ್ನಮಲ್ಲಪ್ಪಗ ಉರೀತು. "ಗುರುವಿನ ಬೇರಿಗೆ ಪರೀಕ್ಷಾ? ಭಾಳ ಸಾಲಿ ಕಲ್ತೀ ಬಿಡವ್ವ."

ಅಜ್ಜಾರು ನಕ್ಕು, ಒಳಗ ಹೋಗಿ ಬೇರು ತಂದು ಆಕಿ ಕೈಯಾಗ ಇಟ್ರು. "ಏನ ಬರ್ಲಿ, ಎಲ್ಲಾರ ಮುಂದ ಬಂದು ಹೇಳು."

ಎರಡು ತಿಂಗಳಾದ ಮ್ಯಾಲ ಆಕಿ ತುಂಬಿದ ಮಂದ್ಯಾಗ ನಿಂತ್ಲು. "ಹನ್ನೊಂದು ಚೀನಾ ಮೂಲಿಕ್ಯಾಗ ಎರಡು ವಿಷದ ಕಸುವು ತುಸು ತಗ್ಗಿಸಿದ್ವು, ಅದೂ ನಳಿಕ್ಯಾಗ ಅಷ್ಟ. ನಿಮ್ಮ ಬೇರು ಏನೂ ಮಾಡ್ಲಿಲ್ಲರಿ."

"ಮತ್ತ ನೂರಾರು ಮಂದಿ ಬದುಕ್ಯಾರಲ್ಲ?" ಚನ್ನಮಲ್ಲಪ್ಪ ಎದ್ದು ನಿಂತ.

"ಅವರಿಗೆ ಕಡದದ್ದು ವಿಷ ಇಲ್ಲದ ಹಾವು ಇದ್ದೀತು."

ಅಜ್ಜಾರು ಮೆಲ್ಲಕ ಅಂದ್ರು: "ಬದುಕಿದವರು ಬಂದು ಕಾಯಿ ಒಡದ್ರು, ಚನ್ನಮಲ್ಲಪ್ಪ. ಸತ್ತವರು ಬಂದು ಹೇಳ್ಲಿಲ್ಲ."

ಆಕಿ ಕಡೆ ತಿರುಗಿ, "ನೀ ಅಡವೆಪ್ಪನ ಮಗಳಲ್ಲ? ಮೊದಲ ದಿನಾನ ಗುರುತು ಹಿಡದೆ, ಅದ ಹುಬ್ಬು, ಅದ ಹಠ. ಅವ ಭಜನಿಗೆ ಕುಂತ್ರ ಬೇರೆಯವರ ಕೈಗೆ ತಾಳ ಸಿಗ್ತಿರಲಿಲ್ಲ. ಅವನ್ನ ದವಾಖಾನಿಗೆ ಒಯ್ಯಾಕ ಬಂದ ಗಾಡಿ ನಾನ ತಿರುಗಿ ಕಳಿಸಿದ್ದೆ. ತಪ್ಪು ನಂದವ್ವ" ಅಂದು ಅಷ್ಟು ಮಂದಿ ಮುಂದ ಕೈ ಮುಗದ್ರು.

ಗೆಲ್ಲಾಕ ಬಂದಾಕಿ ಆ ಮುಗದ ಕೈ ಹಿಡಕೊಂಡು ಬಿಕ್ಕಿ ಬಿಕ್ಕಿ ಅತ್ಲು.

ಅವತ್ತಿಂದ ಯಾರಿಗೆ ಹಾವು ಕಡದ್ರೂ ಅಜ್ಜಾರು ಬೇರು ಮುಟ್ಟಲಿಲ್ಲ, ತಾವ ಜೀಪಿನ್ಯಾಗ ಜೋಡಿ ಕುಂತು ತಾಲೂಕು ದವಾಖಾನಿಗೆ ಇಂಜೆಕ್ಷನ್ನಿಗೆ ಕರಕೊಂಡು ಹೋಗ್ತಿದ್ರು. ಶಾಂಭವಿ ಊರಿಗೆ ಬಂದಾಗೆಲ್ಲ ಅವರ ಪಾದದ ಹತ್ರ ಕುಂತು, ಅಪ್ಪ ಯಾವ್ಯಾವ ಪದ ಹಾಡ್ತಿದ್ದ ಅಂತ ಕೇಳ್ತಿದ್ಲು. ಹಲ್ಲಿಲ್ಲದ ಬಾಯಿಲೆ ಅಜ್ಜಾರು ಹಾಡಿ ತೋರಿಸ್ತಿದ್ರು. ಒಂದಿನ ಅವರು ರಾಗ ತಪ್ಪಿದ್ರು, ಆಕಿ ತಡದು, "ಹಂಗಲ್ಲರಿ ಅಜ್ಜಾರ, ಅಪ್ಪ ಹಿಂಗ ಎಳೀತಿದ್ದ" ಅಂದು, ಕಣ್ಣು ಮುಚ್ಚಿ ತಾನ ಹಾಡಿದ್ಲು.