ರಾಚೋಟಿ ಕ್ಯಾಲಿಪರ್ ಆರಿಸಿದ್ದು

ಮಲಪ್ರಭೆಯ ದಂಡೆಗೆ ಹೊಂದಿಕೊಂಡ ಗುಡ್ಡದ ಮೇಲೆ ಒಂದು ಆಶ್ರಮ. ಅಲ್ಲಿ ಕಲಿಸುತ್ತಿದ್ದುದು ವೇದವಲ್ಲ, ಯೋಗವಲ್ಲ, ಕಾರು ಓಡಿಸುವುದು.

ನಗಬೇಡಿ. ಗುರು ಅಡಿವೆಪ್ಪಜ್ಜ ಒಂದು ಕಾಲಕ್ಕೆ ರ್‍ಯಾಲಿಗಳಲ್ಲಿ ಧೂಳೆಬ್ಬಿಸಿದವರು. ವಯಸ್ಸಾದ ಮೇಲೆ ಸ್ಟೀರಿಂಗ್ ಬಿಟ್ಟರು, ವಿದ್ಯೆ ಬಿಡಲಿಲ್ಲ. ಗುಡ್ಡದಿಂದ ಹೊಳೆಗೆ ಇಳಿಯುವ ಮಣ್ಣಿನ ದಾರಿಯೇ ಅವರ ಪಾಠಶಾಲೆ.

ಆ ದಾರಿಗೆ ಒಂದು ಪದ್ಧತಿಯಿತ್ತು. ಹೊಳೆಯ ತಿರುವಿಗೆ ಮುಂಚೆ ತಾನು ಎಲ್ಲಿ ಬ್ರೇಕ್ ಒತ್ತುತ್ತಾನೋ ಅಲ್ಲಿ ಪ್ರತಿಯೊಬ್ಬ ಶಿಷ್ಯನೂ ಸುಣ್ಣ ಬಳಿದ ಕಲ್ಲೊಂದನ್ನು ಇಡಬೇಕು. ಯಾರ ಕಲ್ಲು ಹೊಳೆಗೆ ಹತ್ತಿರವೋ ಅವನ ಮೀಸೆಗೆ ಅಷ್ಟು ತಿರುವು. ಹಾಗಂತ ಗುರು ಎಂದೂ ಹೇಳಿರಲಿಲ್ಲ. ಶಿಷ್ಯರು ತಾವೇ ಮಾಡಿಕೊಂಡ ಲೆಕ್ಕ ಅದು.

ಒಂದು ಬೆಳಿಗ್ಗೆ ಶಿಷ್ಯ ರಾಚೋಟಿ ಎರಡು ಪೆಟ್ಟಿಗೆ ಹೊತ್ತುಕೊಂಡು ಬಂದ. ಅಜ್ಜ ರೊಟ್ಟಿ ಮುರಿಯುತ್ತ ಕೂತಿದ್ದರು.

"ಅಜ್ಜಾರ, ಇವೆರಡರಾಗ ಯಾವುದು ಹಾಕ್ಲಿ?"

"ಏನಿವು?"

"ಕ್ಯಾಲಿಪರ್ ರೀ. ಇದಕ್ಕ ನಾಕು ಪಿಸ್ಟನ್, ಇದಕ್ಕ ಆರು."

ಕ್ಯಾಲಿಪರ್ ಎಂದರೆ ತಿರುಗುವ ಚಕ್ರದ ಡಿಸ್ಕನ್ನು ಇಕ್ಕಳದ ಹಾಗೆ ಕಚ್ಚಿ ಹಿಡಿಯುವ ಸಾಮಾನು. ಕಚ್ಚುವ ಪ್ಯಾಡನ್ನು ಡಿಸ್ಕಿಗೆ ಒತ್ತುವುದು ಪಿಸ್ಟನ್; ಅದು ಹೆಚ್ಚಿದ್ದರೆ ಪ್ಯಾಡ್ ದೊಡ್ಡದು, ಹಿಡಿತ ಎಲ್ಲ ಕಡೆಗೂ ಸಮ. ಆರರದು ಕೆಂಪಗೆ ಹೊಳೆಯುತ್ತಿತ್ತು. ರಾಚೋಟಿಯ ಕಣ್ಣು ಅದರ ಮೇಲೇ ಇತ್ತು.

"ಹಳೇವು ಏನ್ ತಪ್ಪ ಮಾಡ್ಯಾವ?" ಎಂದರು ಅಜ್ಜ.

ರಾಚೋಟಿ ತಲೆ ತಗ್ಗಿಸಿದ. "ಅಕ್ಕ ಇನ್ನ ಗಾಡಿ ಹತ್ತೂದಿಲ್ಲ ಅಂದಾಳ್ರಿ."

ಅಜ್ಜ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

ಅಕ್ಕ ದಾಕ್ಷಾಯಣಿ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಅವನು ರ್‍ಯಾಲಿಗೆ ಇಳಿದಾಗ ಹಿಂದೆಮುಂದೆ ನೋಡದೆ ಪಕ್ಕದ ಸೀಟಿಗೆ ಹತ್ತಿ ಕೂತವಳು. ಮುಂದಿನ ತಿರುವು ಎಡವೋ ಬಲವೋ, ಕಡಿದೋ ಸಲೀಸೋ, ಮೊದಲೇ ಬರೆದಿಟ್ಟುಕೊಂಡದ್ದನ್ನು ಅವಳು ಓದಿ ಹೇಳಬೇಕು, ಅವನು ತಿರುಗಿಸಬೇಕು. ಅವಳಿಲ್ಲದಿದ್ದರೆ ಅವನು ಕಣ್ಣಿದ್ದೂ ಕುರುಡ. ಅಂಥವಳು ಹೋದ ವಾರ ಗಾಡಿ ಇಳಿದು, ಹೆಲ್ಮೆಟ್ ಗೂಟಕ್ಕೆ ಹಾಕಿ, "ಸಾಕಪ್ಪಾ, ಇನ್ನ ಹತ್ತೂದಿಲ್ಲ" ಎಂದವಳು ಮತ್ತೆ ಬಾಯಿ ಬಿಟ್ಟಿರಲಿಲ್ಲ. ರಾಚೋಟಿಗೆ ನೆಲವೇ ಕುಸಿದಂತಾಗಿತ್ತು.

"ಯಾಕಂತ ಕೇಳಿದೇನು?"

"ಕೇಳೂದೇನೈತ್ರಿ? ಬ್ರೇಕಿನ ಮ್ಯಾಲ ಭರೋಸಾ ಹೋಗೇತಿ ಆಕೀಗೆ. ಚಲೋ ಬ್ರೇಕ್ ಹಾಕಿದ್ರ ಬಂದ ಬರ್ತಾಳ."

"ಹಂಗಾರ ಆರರದು ಹಾಕು."

ರಾಚೋಟಿ ಬೆಪ್ಪಾದ. ಗುರುಗಳೆಂದರೆ ಎರಡನ್ನೂ ಹೊಳೆಗೆ ಎಸೆ ಎನ್ನಬೇಕು, ಇಲ್ಲವೇ ಒಗಟು ಹೇಳಬೇಕು. ಅಂಗಡಿಯವನ ಹಾಗೆ ತುಟ್ಟಿಯದನ್ನೇ ಹಿಡಿದು ಕೊಟ್ಟರೆ ಹೇಗೆ?

"ಖರೇನ ಹೇಳ್ತೀರೇನ್ರಿ?"

"ಚಲೋ ಸಾಮಾನ ಚಲೋನ ಇರತೈತಿ, ಅದನ್ನ ಯಾಕ ಬೈಲಿ? ಚಕ್ರದ ಒಳಗ ಹಿಡಸ್ತೈತಿಲ್ಲೋ ನೋಡು. ಬ್ರೇಕಿನ ಎಣ್ಣಿ ಹೊಸಾದು ಹಾಕು. ಮುಂದಿನ ಬ್ರೇಕು ಬಿಗಿ ಆತಂದ್ರ ಹಿಂದಿನದಕ್ಕ ಹೊಂದಿಸು. ಹೋಗು."

ರಾಚೋಟಿ ಕುಣಿಯುತ್ತ ಹೋದ.

ಕ್ಯಾಲಿಪರ್ ಕೂತವು. ಅಜ್ಜ ಹೇಳಿದ್ದೆಲ್ಲ ಅವನು ಚಾಚೂ ತಪ್ಪದೆ ಮಾಡಿದ. ಹೊಸ ಪ್ಯಾಡು ಡಿಸ್ಕಿಗೆ ಒಗ್ಗಲೆಂದು ಮೆಲ್ಲಗೆ ಓಡಿಸಿ, ಮೆಲ್ಲಗೆ ನಿಲ್ಲಿಸಿ ಹದ ಮಾಡಿದ. ಆಮೇಲೆ ಗುಡ್ಡ ಇಳಿದ, ಹತ್ತಿದ, ಮತ್ತೆ ಇಳಿದ. ಸಂಜೆ ಅಜ್ಜನ ಮುಂದೆ ನಿಂತಾಗ ಮುಖ ಊರಗಲವಾಗಿತ್ತು.

"ಹೆಂಗದಾವ?"

"ಬೆಂಕಿ ಅದಾವ್ರಿ ಅಜ್ಜಾರ! ಗ್ವಾಡಿಗೆ ಬಡದಂಗ ನಿಂದರತೈತಿ. ನನ್ನ ಕಲ್ಲು ಹುಣಸಿಗಿಡದ ತನಕ ಒಯ್ದೀನ್ರಿ. ಇಲ್ಲೀ ತನಕ ಯಾರೂ ಅಲ್ಲಿಗೆ ಒಯ್ದಿಲ್ಲ!"

"ಮೊದಲ ಎಲ್ಲಿತ್ತು?"

"ಮ್ಯಾಲ, ಬೇವಿನಗಿಡದ ಹತ್ರ."

"ಈಗ ತಿರುವಿನ್ಯಾಗ, ಗಾಡಿಗೂ ಹೊಳೀಗೂ ನಡುವ ಎಷ್ಟ ಜಾಗಾ ಉಳೀತೈತಿ?"

"ಮೊದಲಿನಷ್ಟ ರೀ. ಆದ್ರ ವ್ಯಾಳೆ ಎಷ್ಟ ಉಳೀತೈತಿ ನೋಡ್ರಿ!"

ಅಜ್ಜ ಹೊಳೆಯ ಕಡೆ ನೋಡಿದರು.

"ಅಕ್ಕ ಬಂದಳೇನು?"

ರಾಚೋಟಿಯ ಮುಖ ಇಳಿಯಿತು. "ತೋರಿಸಾಕ ಕರದಿದ್ನಿರಿ. ಕ್ಯಾಲಿಪರ್ ನೋಡಿದ್ಲು. ಕಲ್ಲು ಎಲ್ಲಿಗೆ ಒಯ್ದೀನಿ ಅಂತ ಹೇಳಿದೆ. ನನ್ನ ಮಾರಿ ನೋಡಿ ಅಳಾಕ ಹತ್ತಿದ್ಲು."

"ಯಾಕ?"

"ಅದ ತಿಳೀವಲ್ದರಿ! ಇದಕ್ಕಿಂತ ಚಲೋ ಬ್ರೇಕು ಈ ಸೀಮಿಯೊಳಗ ಇಲ್ಲ. ಇನ್ನೇನ್ ಮಾಡ್ಲಿ ನಾ?"

ಅಜ್ಜ ಎದ್ದರು. ಧೋತರ ಎತ್ತಿ ಕಟ್ಟಿದರು. ಕೈ ಚಾಚಿದರು.

"ಕೀಲಿ ಕೊಡು."

"ಯಾ... ಯಾರಿಗ್ರಿ?"

"ನನಗ. ನೀ ಎಡಕ್ಕ ಕುಂದ್ರು."

ರಾಚೋಟಿ ಹೌಹಾರಿದ. ಅಜ್ಜ ಸ್ಟೀರಿಂಗ್ ಮುಟ್ಟಿದ್ದನ್ನು ಶಿಷ್ಯರಲ್ಲಿ ಯಾರೂ ಕಂಡವರಲ್ಲ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೆಲ್ಟ್ ಬಿಗಿದು ಕೂತಾಗಿತ್ತು.

ಅವನು ಸುತ್ತು ಹಾಕಿ ಹೋಗಿ ಎಡಕ್ಕೆ ಕೂತ. ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ತನ್ನದೇ ಗಾಡಿ ಬೀಗರ ಮನೆಯ ಹಾಗೆ ಕಂಡಿತು. ಕೈಗೆ ಕೆಲಸವಿಲ್ಲ, ಕಾಲಿಗೂ ಇಲ್ಲ.

ಗಾಡಿ ಹೊರಟಿತು. ಅಬ್ಬಾ, ಮುದುಕನ ಕೈ! ಮೊದಲ ತಿರುವು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿತು. ಎರಡನೆಯದೂ ಹಾಗೆಯೇ. ರಾಚೋಟಿ ಹಿಗ್ಗಿ ಹೀರೇಕಾಯಿಯಾದ.

ಬೇವಿನಮರ ಹಿಂದಾಯಿತು. ವೇಗ ಏರಿತು.

ಹುಣಸೆಮರ ಕಂಡಿತು. ಅದರ ಬುಡದಲ್ಲಿ ಅವನ ಬಿಳಿ ಕಲ್ಲು.

"ಅಜ್ಜಾರ, ಕಲ್ಲು ಬಂತ್ರಿ."

"ಕಂಡೈತಿ."

"ಅಜ್ಜಾರ, ಕಲ್ಲು!"

"ಇಷ್ಟ ಚಲೋ ಬ್ರೇಕು ಅದಾವ. ಇನ್ನೊಂಚೂರು ಮುಂದ ಹೋಗೂಣು."

ಕಲ್ಲು ಹಾದುಹೋಯಿತು.

ತಿರುವು ಮೈಮೇಲೆ ಬರುತ್ತಿತ್ತು, ಅದರಾಚೆ ಬರೀ ನೀರು. ಅವನು ಅಜ್ಜನ ಕಾಲು ನೋಡಿದ. ಅದು ಇನ್ನೂ ಬ್ರೇಕಿನ ಮೇಲೆ ಬಂದಿರಲಿಲ್ಲ. "ಒತ್ರೀ! ಯವ್ವಾ! ಒತ್ರೀ!" ಎಂದು ಕಿರುಚಿದ. ಆ ದನಿ ತನ್ನದೆಂದು ಅವನಿಗೇ ಗೊತ್ತಾಗಲಿಲ್ಲ.

ಆಗ ಅಜ್ಜ ಒತ್ತಿದರು.

ಆರು ಪಿಸ್ಟನ್ನಿನ ಕ್ಯಾಲಿಪರ್ ಸುಳ್ಳು ಹೇಳುವ ಸಾಮಾನಲ್ಲ. ಗಾಡಿ ಮೂಗು ನೆಲಕ್ಕೆ ಹಚ್ಚಿ, ಧೂಳು ಮುಗಿಲಿಗೆ ಎಬ್ಬಿಸಿ ನಿಂತಿತು. ಧೂಳು ಇಳಿದಾಗ ಬಾನೆಟ್ಟಿನ ಮುಂದೆ ಒಂದಿಷ್ಟು ಹುಲ್ಲು, ಆಮೇಲೆ ಹೊಳೆ.

ರಾಚೋಟಿಗೆ ಪಕ್ಕದಲ್ಲಿರುವವರು ಗುರು ಎಂಬುದೂ ಮರೆತಿತ್ತು.

"ಹುಚ್ಚು ಹಿಡದೈತೇನ್ರಿ ನಿಮಗ? ಸಾಯ್ತಿದ್ವಿ! ಇಬ್ರೂ ಸಾಯ್ತಿದ್ವಿ!"

"ನಿಂತಿತಲ್ಲೋ. ಬ್ರೇಕು ಚಲೋನ ಅದಾವ."

"ಬ್ರೇಕು ಚಲೋ ಇದ್ರ ನನಗೇನ್ರಿ ಬಂತು? ಒತ್ತಾವ್ರು ನೀವು! ಇಲ್ಲಿ ಕುಂತಾವ ಏನ್ ಮಾಡ್ಬೇಕು..."

ಅವನ ಮಾತು ಅಲ್ಲಿಗೇ ನಿಂತಿತು.

ಅಜ್ಜ ಎಂಜಿನ್ ಆರಿಸಿದರು. ಹೊಳೆಯ ಸದ್ದು ಕೇಳತೊಡಗಿತು.

"ಕಾಲು ತಗಿ," ಎಂದರು ಮೆಲ್ಲಗೆ.

"ಯಾವ ಕಾಲ್ರಿ?"

ಅಜ್ಜ ಕಣ್ಣಿನಿಂದಲೇ ತೋರಿಸಿದರು. ರಾಚೋಟಿ ಬಗ್ಗಿ ನೋಡಿದ. ಅವನ ಬಲಗಾಲು ಎದುರಿನ ತಗಡಿಗೆ ಒತ್ತಿಕೊಂಡು ಸೆಟೆದು ನಿಂತಿತ್ತು. ಪೆಡಲೇ ಇಲ್ಲದ ಜಾಗದಲ್ಲಿ ಅವನು ಮೈಯ ಬಲವೆಲ್ಲ ಹಾಕಿ ಬ್ರೇಕ್ ಒತ್ತಿದ್ದ. ಮೀನಖಂಡ ಗಂಟು ಕಟ್ಟಿತ್ತು. ಎರಡೂ ಕೈಯಿಂದ ಹಿಡಿದು ಕಾಲನ್ನು ಎಳೆದುಕೊಂಡ.

ಕಾಲು ಇದ್ದ ಜಾಗದಲ್ಲಿ ರಬ್ಬರಿನ ಹಾಸು ತೂತು ಬಿದ್ದಿತ್ತು. ಒಂದೇ ದಿನಕ್ಕೆ ಬೀಳುವ ತೂತಲ್ಲ ಅದು. ಅಂಚು ಸವೆದು ನೂಲು ಎದ್ದಿತ್ತು, ಅಡಿಯ ತಗಡು ಬಣ್ಣ ಕಳೆದುಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಅವನು ತನ್ನ ಪಾದ ಅದರ ಮೇಲಿಟ್ಟು ನೋಡಿದ. ಪಾದ ದೊಡ್ಡದಾಯಿತು. ಅದು ಹೆಂಗಸಿನ ಪಾದದ ಅಳತೆ.

"ಅಕ್ಕ..." ಎಂದ ರಾಚೋಟಿ. ಕಣ್ಣೀರು ಗಲ್ಲದ ಧೂಳಿನಲ್ಲಿ ಇಳಿಯಿತು.

ಅಜ್ಜ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಎಷ್ಟ ವರ್ಷದಿಂದ ಒತ್ತಾಕತ್ತಾಳೋ ತಮ್ಮಾ ಆಕಿ. ನಿನ್ನ ಗಾಡಿ ಒಮ್ಮೆರೆ ನಿಂತೈತೇನು?"